ಅಗ್ಗದ ಬೇಟೆಯ ಲೆಕ್ಕ

ಟೆಕ್ಸಸ್‌ನಲ್ಲಿ ಗೈಡ್ ಜೊತೆ ಕಾಡುಹಂದಿ ಬೇಟೆಗೆ ಹೊರಟ ಗೆಳೆಯ ಕೇಳಿದ: "ಎಲ್ಲರಿಗಿಂತ ಕಡಿಮೆ ಹೇಳಿದವನನ್ನೇ ಹಿಡಿಯಲಾ?" ಆಗ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೇಳುವ ದರ ಪೂರ್ತಿ ದರವಲ್ಲ. ಎರಡನೆಯ ಹಂದಿಗೆ ಎಷ್ಟು? ದೊಡ್ಡ ಕೋರೆಯ ಗಂಡಿಗೆ ಬೇರೆ ಶುಲ್ಕವೇ? ಗುಂಡು ತಗುಲಿಯೂ ಸಿಗದೆ ಹೋದರೆ ಅದಕ್ಕೂ ದುಡ್ಡೇ? ವಸತಿ, ಮಾಂಸ ಹಸನು ಮಾಡುವ ಕೂಲಿ, ಗೈಡ್‌ಗೆ ಟಿಪ್ಸ್, ಎಲ್ಲ ಕೂಡಿಸಿ ನೋಡಬೇಕು. ಕೇಳಿದ್ದಕ್ಕೆಲ್ಲ ಬರಹದಲ್ಲಿ ಉತ್ತರ ಕೊಡುವವನಿಗೆ ನಾನಾದರೆ ಐವತ್ತು ಡಾಲರ್ ಹೆಚ್ಚೇ ಕೊಟ್ಟೇನು.

ಅಲ್ಲಿ ಹಂದಿಗೆ ಸೀಸನ್ ಇಲ್ಲ, ವರ್ಷವಿಡೀ ಬೇಟೆ. ಜಿಂಕೆ ಸೀಸನ್ ಮುಗಿದ ಮೇಲೆ, ವಾರದ ನಡುವೆ ವಿಚಾರಿಸಿದರೆ ದರ ಇಳಿಯುವ ಸಾಧ್ಯತೆ ಹೆಚ್ಚು.

2019ರ ಸೆಪ್ಟೆಂಬರ್‌ನಿಂದ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆಯಿದ್ದರೆ, ಹಂದಿ ಬೇಟೆಗೆ ಟೆಕ್ಸಸ್ ಲೈಸೆನ್ಸ್ ಕೇಳುವುದಿಲ್ಲ. ಆದರೆ ಎಚ್-1ಬಿಯಂಥ ವೀಸಾದಲ್ಲಿರುವ ನಮ್ಮವರು ಇಲ್ಲಿಯೇ ಎಡವಬಹುದು. ವಲಸೆಯೇತರ ವೀಸಾದವರು ಬಂದೂಕು ಹಿಡಿಯುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಊರ್ಜಿತ ಬೇಟೆ ಲೈಸೆನ್ಸ್ ಒಂದು. ರಾಜ್ಯಕ್ಕೆ ಬೇಡವಾದ ಆ ಕಾಗದ ನಿಮಗೆ ಬೇಕೇ ಬೇಕು. ಆ ಖರ್ಚನ್ನು ದಯವಿಟ್ಟು ಉಳಿಸಬೇಡಿ, ವೀಸಾವೇ ಹೋದೀತು.

ಇನ್ನೊಂದು: ಈ ಹಂದಿಗಳಿಂದ ಬ್ರುಸೆಲ್ಲಾ ಸೋಂಕು ಮನುಷ್ಯರಿಗೂ ಹರಡುತ್ತದೆ. ಕೊಯ್ಯುವಾಗ ಕೈಗವಸು ಇರಲಿ, ಮಾಂಸ ಒಳಗೆ 71 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇಯಲಿ. ಕೈಗವಸು ಕೊಡದ ಗೈಡ್ ಎಷ್ಟೇ ಅಗ್ಗವಾದರೂ ಬೇಡ.