ಎರಡು ದಂಡೆಗಳ ನಡುವೆ

ಸೇತುವೆ ಇರುವುದು ದಾಟುವುದಕ್ಕೆ ಎಂಬುದು ನಮ್ಮೆಲ್ಲರ ತಿಳಿವಳಿಕೆ. ಅದರ ನೆತ್ತಿಯನ್ನೇರಿ ಇಳಿದು ಬರುವುದನ್ನೂ ಒಂದು ವಿಹಾರವನ್ನಾಗಿ ಮಾಡಿಕೊಂಡವರು ಆಸ್ಟ್ರೇಲಿಯಾದ ಜನ. ಕ್ವೀನ್ಸ್‌ಲ್ಯಾಂಡಿನ ರಾಜಧಾನಿ ಬ್ರಿಸ್ಬೇನಿನಲ್ಲಿರುವ ಮಗನ ಮನೆಗೆ ಧಾರವಾಡದಿಂದ ಹೋಗಿದ್ದಾಗ ಮಗ, ಸೊಸೆ, ಮೊಮ್ಮಗನೊಡನೆ ನಾವು ದಂಪತಿಗಳೂ ಅಂಥದೊಂದು ಸೇತುವೆಯನ್ನು ಏರಿದೆವು.

ಬ್ರಿಸ್ಬೇನ್ ನದಿಯು ಹಾವಿನಂತೆ ಬಳುಕುತ್ತ ನಗರದ ನಡುವೆ ಹರಿಯುತ್ತದೆ. ಅದರ ಮೇಲೆ ಕಾಂಗರೂ ಪಾಯಿಂಟ್ ಮತ್ತು ಫೋರ್ಟಿಟ್ಯೂಡ್ ವ್ಯಾಲಿ ಬಡಾವಣೆಗಳನ್ನು ಕೂಡಿಸುವ ಉಕ್ಕಿನ ಸೇತುವೆಯೇ ಸ್ಟೋರಿ ಬ್ರಿಜ್. ಮೊಮ್ಮಗ ಅದನ್ನು ನಮಗೆ ‘ಕಥೆಯ ಸೇತುವೆ’ ಎಂದೇ ಪರಿಚಯಿಸಿದ. ವಾಸ್ತವದಲ್ಲಿ ಅದು ಜಾನ್ ಡಗ್ಲಾಸ್ ಸ್ಟೋರಿ ಎಂಬ ಹಿರಿಯ ಸರಕಾರಿ ಅಧಿಕಾರಿಯ ಹೆಸರು. 1935ರಲ್ಲಿ ಕೆಲಸ ಆರಂಭವಾಗಿ, 1940ರ ಜುಲೈ 6ರಂದು ಸೇತುವೆ ಸಂಚಾರಕ್ಕೆ ತೆರೆಯಿತು. ಸಿಡ್ನಿ ಬಂದರಿನ ಪ್ರಸಿದ್ಧ ಸೇತುವೆಗಾಗಿ ದುಡಿದ ಜಾನ್ ಬ್ರಾಡ್‌ಫೀಲ್ಡ್ ಅವರೇ ಇದರ ವಿನ್ಯಾಸಕಾರರು. ಒಟ್ಟು ಉದ್ದ 777 ಮೀಟರ್. ನದಿಯ ಮೇಲಿನ ನಡುಭಾಗವೇ 282 ಮೀಟರ್. ಮಾರ್ಗದರ್ಶಿಯೊಡನೆ ಮೇಲೇರುವ ಏರ್ಪಾಡು 2005ರಲ್ಲಿ ಮೊದಲಾಯಿತು.

ಹೊರಡುವ ಮುನ್ನ ಕೈಗಡಿಯಾರ, ಕಿಸೆಯಲ್ಲಿನ ಚಿಲ್ಲರೆ ಎಲ್ಲವನ್ನೂ ತೆಗೆದಿರಿಸಿದರು. ಮೇಲಿನಿಂದ ಬಿದ್ದ ಒಂದು ನಾಣ್ಯವೂ ಕೆಳಗೆ ಓಡುವ ವಾಹನಗಳಿಗೆ ಅಪಾಯವಂತೆ. ಸೊಸೆಯ ಚೂಡಿದಾರ ತೊಟ್ಟು ಬಂದಿದ್ದ ನಮ್ಮ ಮನೆಯಾಕೆಗೂ ಮೇಲಂಗಿ ತೊಡಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ದಾರಿಯುದ್ದಕ್ಕೂ ಇರುವ ಉಕ್ಕಿನ ಹಗ್ಗಕ್ಕೆ ಕೊಂಡಿ ಹಾಕಿದರು. ಆಕೆಗೆ ಮೊಣಕಾಲು ನೋವು. “ನಾ ಹಿಂದ ಬರ್ತೀನಿ, ನೀವು ಮುಂದ ನಡೀರಿ” ಎಂದಳು. ಮಾರ್ಗದರ್ಶಿ ಯುವತಿ ಒಪ್ಪಲಿಲ್ಲ. ಎಲ್ಲರಿಗಿಂತ ನಿಧಾನ ನಡೆಯುವವರು ತನ್ನ ಬೆನ್ನಿಗೇ ಇರಬೇಕು, ಅವರ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗಬೇಕು ಎಂಬುದು ಆಕೆಯ ನಿಯಮ. ಜಾತ್ರೆಯಲ್ಲಾಗಲಿ ಪ್ರವಾಸದಲ್ಲಾಗಲಿ ಮುದುಕರನ್ನು ಹಿಂದೆ ಬಿಟ್ಟು, ಮುಂದೆ ನಿಂತು ಕೂಗಿ ಕರೆಯುವುದೇ ನಮ್ಮಲ್ಲಿ ರೂಢಿಯಲ್ಲವೇ!

ನೀರಿನಿಂದ 70 ಮೀಟರಿಗೂ ಎತ್ತರದ ನೆತ್ತಿಯಲ್ಲಿ ನಿಂತಾಗ ಗಾಳಿ ಬಲವಾಗಿತ್ತು. ಕಾಲಡಿಯಲ್ಲಿ ವಾಹನಗಳ ಸಾಲು. ಅದರ ಕೆಳಗೆ ಆಟಿಗೆಗಳಂತೆ ಸಾಗುವ ದೋಣಿಗಳು. ಉತ್ತರಕ್ಕೆ ದೂರದಲ್ಲಿ ಗ್ಲಾಸ್ ಹೌಸ್ ಬೆಟ್ಟಗಳು. ಸೇತುವೆ ಕಟ್ಟಿದ ಬಗೆಯನ್ನು ಯುವತಿ ಅಲ್ಲಿಯೇ ವಿವರಿಸಿದಳು. ನದಿಯ ನಡುವೆ ಕಂಬವಿಲ್ಲ. ಎರಡೂ ದಂಡೆಗಳಿಂದ ಒಂದೊಂದು ಉಕ್ಕಿನ ತೋಳು ಸ್ವಲ್ಪಸ್ವಲ್ಪವಾಗಿ ಮುಂದಕ್ಕೆ ಚಾಚುತ್ತ ಬಂದು 1939ರಲ್ಲಿ ನಡುವೆ ಕೂಡಿದವು. ಮುಂದೆ ಚಾಚಿದ ತೋಳು ನದಿಗೆ ಬೀಳದಂತೆ ಅದರ ಹಿಂತುದಿಯನ್ನು ತನ್ನ ದಂಡೆಯಲ್ಲಿ ಭದ್ರವಾಗಿ ಬಂಧಿಸಿರುತ್ತಾರೆ. ಕೋಲ್ಕತ್ತದಲ್ಲಿ 1943ರಲ್ಲಿ ತೆರೆದ ಹೌರಾ ಸೇತುವೆಯೂ ಇದೇ ಜಾತಿಯದು.

ಸೊಸೆ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಮನೆಯಾಕೆ ಬಹಳ ಹೊತ್ತು ಸುಮ್ಮನಿದ್ದಳು. ಧಾರವಾಡದ ಮನೆಯನ್ನು ಮಾರಿ ಇಲ್ಲಿಯೇ ಬಂದು ಇದ್ದುಬಿಡಿರೆಂದು ಮಗ ಮೂರು ವಾರಗಳಿಂದ ಒತ್ತಾಯಿಸುತ್ತಿದ್ದ. ನಮ್ಮಿಬ್ಬರಿಗೂ ಉತ್ತರ ಹೊಳೆದಿರಲಿಲ್ಲ. ಒಲ್ಲೆವೆಂದರೆ ಅವನು ನೋಯುವನು. ಒಪ್ಪಿದರೆ ನಾವು ಬೇರು ಕಿತ್ತ ಗಿಡಗಳಾಗುವೆವು.

“ಹಿಂದಿನ ಬುಡ ಗಟ್ಟಿ ಇದ್ರನ ಮುಂದ ಕೈ ಚಾಚಲಿಕ್ಕೆ ಬರ್ತದ ನೋಡಪಾ” ಎಂದು ಆಕೆ ಮಗನಿಗೆ ಹೇಳಿದಳು. “ನಮ್ಮ ಬುಡ ಅಲ್ಲೇ ಇರಲಿ. ನೀ ಅರ್ಧ ಬಾ, ನಾವು ಅರ್ಧ ಬರ್ತೀವಿ.”

ಮಗ ಮರುಮಾತಾಡಲಿಲ್ಲ. ಇಳಿಯುವಾಗ ಮಾತ್ರ ತಾಯಿಯ ಹಿಂದೆಯೇ, ಅವಳ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆದ. ಅವನಿಗೆ ಪೂರ್ಣ ಸಮಾಧಾನವಾಯಿತೆಂದು ಹೇಳಲಾರೆವು. ಆದರೆ ಮನೆ ಮಾರುವ ಮಾತು ಅಂದಿನಿಂದ ಮತ್ತೆ ಬರಲಿಲ್ಲ. ಒಂದು ವರ್ಷ ನಾವು ಅಲ್ಲಿಗೆ, ಮರುವರ್ಷ ಅವರು ಇಲ್ಲಿಗೆ ಎಂದು ಗೊತ್ತುಮಾಡಿಕೊಂಡೆವು.

ಮಕ್ಕಳು ಕಡಲಾಚೆ ನೆಲೆಸಿರುವ ಮನೆಗಳು ಇಂದು ನಮ್ಮ ಓಣಿಓಣಿಗಳಲ್ಲಿವೆ. ಯಾರು ಯಾರ ಬಳಿಗೆ ಹೋಗಬೇಕೆಂಬ ಪ್ರಶ್ನೆ ಅಲ್ಲೆಲ್ಲ ಉಂಟು. ಎರಡು ದಂಡೆಗಳಲ್ಲಿ ಒಂದನ್ನು ಕಿತ್ತು ಇನ್ನೊಂದರ ಬಳಿಗೆ ಒಯ್ದರೆ ಸೇತುವೆಯ ಅಗತ್ಯವೇ ಇರದು, ನಿಜ. ಆದರೆ ದಂಡೆಯನ್ನು ಕೀಳುವುದು ಯಾರಿಂದ ಸಾಧ್ಯ?