ಗಟ್ಟಿಯಾಗದ ಎಣ್ಣೆ

ಡಿಸೆಂಬರಿನ ರೂಢಿಯಂತೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಲವಾಗಿ ಹಿಚುಕಿದೆ. ಅಂಗೈ ತುಂಬಿ, ಮೊಣಕೈವರೆಗೂ ಇಳಿದು, ಇಸ್ತ್ರಿ ಮಾಡಿಟ್ಟ ಅಂಗಿಯ ಮೇಲೂ ನಾಲ್ಕು ಹನಿ ಬಿತ್ತು.

‘ಕಾರ್ತಿಕ ಮುಗೀತು, ಎಣ್ಣೆ ಇನ್ನೂ ನೀರಿನ ಹಾಗಿದೆಯಲ್ಲೇ!’ ಎಂದೆ.

‘ರಾತ್ರಿ ಫ್ಯಾನು ಹಾಕ್ಕೊಂಡು ಮಲಗಿದ್ದು ಯಾರು?’ ಎಂದಳು ಹೆಂಡತಿ ಅಡುಗೆಮನೆಯಿಂದ.

ನಮ್ಮ ಮನೆಯಲ್ಲಿ ಚಳಿ ಅಳೆಯುತ್ತಿದ್ದುದು ಈ ಬಾಟಲಿಯೇ. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು 24 ಡಿಗ್ರಿಯ ಆಸುಪಾಸಿನಲ್ಲಿ ಎಂಬ ಲೆಕ್ಕವೆಲ್ಲ ಅಜ್ಜಿಗೆ ಬೇಕಿರಲಿಲ್ಲ. ಅಂಚು ಬೆಳ್ಳಗಾದರೆ ಕಂಬಳಿ ಬಿಸಿಲಿಗೆ. ಅರ್ಧ ಗಟ್ಟಿಯಾದರೆ ಸ್ವೆಟರ್ ಟ್ರಂಕಿನಿಂದ ಹೊರಗೆ, ನುಸಿಗುಳಿಗೆಯ ವಾಸನೆ ಸಮೇತ. ಪೂರ್ತಿ ಕಲ್ಲಾದರೆ ಮಂಕಿಕ್ಯಾಪು ಕಡ್ಡಾಯ. ಕಲ್ಲಾದ ಬಾಟಲಿಯನ್ನು ಬಚ್ಚಲೊಲೆಯ ಪಕ್ಕ ಹಿಡಿದು ಕೂರುವುದು ನನ್ನ ಕೆಲಸ. ಎಣ್ಣೆ ಕರಗಿ ಎಷ್ಟು ಹೊತ್ತಾದರೂ ನಾನು ಏಳುತ್ತಿರಲಿಲ್ಲ.

ಚಳಿ ಎಂದೊಡನೆ ನನಗೆ 1884ರ ಜನವರಿ 13 ನೆನಪಾಗುತ್ತದೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ ಅಂದಿನದು: 7.8 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟ್ ಲೆಕ್ಕದಲ್ಲಿ 46. ಮೈಸೂರು ಮತ್ತೆ ಒಡೆಯರ ಕೈಗೆ ಬಂದು ಮೂರು ವರ್ಷ ತುಂಬಿರಲಿಲ್ಲ. ಊರಿಗೆ ಕರೆಂಟು ಬರಲು ಇನ್ನೂ 21 ವರ್ಷವಿತ್ತು. ಭಾನುವಾರ ಬೇರೆ. ಲಾಟೀನು ಹಿಡಿದು, ಕಂಬಳಿ ಹೊದ್ದು, ಬಾಯಲ್ಲಿ ಹಬೆ ಬಿಡುತ್ತ ಗಾಜಿನ ಕೊಳವೆಯ ಮುಂದೆ ಬಗ್ಗಿ ನಿಂತ ಒಬ್ಬ ಗುಮಾಸ್ತನನ್ನು ಎಷ್ಟೋ ವರ್ಷ ಭಕ್ತಿಯಿಂದ ಕಲ್ಪಿಸಿಕೊಂಡಿದ್ದೆ. ಆಮೇಲೆ ತಿಳಿಯಿತು: ಕನಿಷ್ಠ ಉಷ್ಣತೆ ಅಳೆಯುವ ಥರ್ಮಾಮೀಟರಿನ ಸ್ಪಿರಿಟ್ಟಿನೊಳಗೆ ಒಂದು ಪುಟ್ಟ ಕಡ್ಡಿ ಇರುತ್ತದೆ. ಚಳಿ ಹೆಚ್ಚಿದಂತೆ ಅದು ಹಿಂದಕ್ಕೆ ಸರಿಯುತ್ತದೆ, ಬಿಸಿಲು ಬಂದರೂ ಅಲ್ಲೇ ಉಳಿದು ಸಾಕ್ಷಿ ಹೇಳುತ್ತದೆ. ಅಂದರೆ ನನ್ನ ಗುಮಾಸ್ತ ಮುಸುಕೆಳೆದು ಹಾಯಾಗಿ ಮಲಗಿದ್ದು, ಹೊತ್ತೇರಿದ ಮೇಲೆ ಬಂದು ಬರೆದುಕೊಂಡಿದ್ದರೂ ಆಶ್ಚರ್ಯವಿಲ್ಲ! ಕ್ಷಮಿಸಿದ್ದೇನೆ. ಅವತ್ತು ಅವನ ಮನೆಯ ಎಣ್ಣೆ ಒಲೆ ಮುಂದಿಟ್ಟರೂ ಬೇಗ ಬಗ್ಗಿರಲಾರದು.

ಈ ಸಲ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಸ್ವೆಟರ್ ಹೊತ್ತುಕೊಂಡು ಹೋಗಿ, ಹೊತ್ತುಕೊಂಡೇ ಬಂದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮಗೆ ಮೋಡ. ರಾತ್ರಿ ಮೋಡ ಮುಚ್ಚಿದರೆ ನೆಲದ ಕಾವು ಮೇಲೆ ಹೋಗದೆ ಇಲ್ಲೇ ಉಳಿಯುತ್ತದೆ. ಸಾಲದ್ದಕ್ಕೆ ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ಅದನ್ನು ರಾತ್ರಿ ಕಕ್ಕುತ್ತದೆ.

ಅವರೆಕಾಯಿ ಮಾತ್ರ ವಾಯಿದೆ ತಪ್ಪಿಲ್ಲ. ನಾಟಿ ಅವರೆ ಹೂ ಬಿಡುವುದು ಹಗಲು ಗಿಡ್ಡವಾದದ್ದನ್ನು ನೋಡಿ; ಅದಕ್ಕೆ ಮೋಡದ ಹಂಗಿಲ್ಲ. ಆದರೆ ಮೂಸಿದರೆ ಮೂಗಿಗೆ ಏನೂ ತಾಕಲಿಲ್ಲ. ಗಾಡಿಯವನನ್ನು ಕೇಳಿದೆ. ‘ಇಬ್ಬನಿ ಬೀಳ್ಬೇಕಲ್ಲ ಸಾರ್, ಸೊಗಡು ನಾನು ಹಚ್ಚಕ್ಕಾಗುತ್ತಾ?’ ಎಂದ.

ಬಾಟಲಿಯನ್ನು ಈಗ ಬಚ್ಚಲುಮನೆಯ ಕಿಟಕಿಯಲ್ಲಿಟ್ಟಿದ್ದೇನೆ. ಎದ್ದ ಕೂಡಲೇ ಓರೆ ಮಾಡಿ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಅಂಚು ಬೆಳ್ಳಗಾದರೆ ದಯವಿಟ್ಟು ಹೇಳಿ ಕಳಿಸಿ; ನಮ್ಮದು ಇವತ್ತಿಗೂ ನೀರು.