ತಿಜೋರಿ ಇಳಿಸುವುದು

ತಿಜೋರಿಯನ್ನು ನೆಲಮಾಳಿಗೆಗೆ ಇಳಿಸುವಾಗ ತಳ್ಳುವ ಕೆಲಸವನ್ನು ಭೂಮಿಯೇ ಮಾಡಿಕೊಡುತ್ತದೆ. ಆಳುಗಳ ಪಾಲಿಗೆ ಉಳಿಯುವುದು ತಡೆದು ಹಿಡಿಯುವುದು. ಹಳೆಯ ಮಂಡಿಗಳಲ್ಲಿ, ತೊಟ್ಟಿ ಮನೆಗಳಲ್ಲಿ ಕಾಣುವ ಕಬ್ಬಿಣದ ಪೆಟ್ಟಿಗೆ ಸೊಂಟದೆತ್ತರದ್ದಾದರೂ 300-400 ಕಿಲೋ ತೂಗುವುದುಂಟು. ಮೂರು ನಾಲ್ಕು ಮೂಟೆ ರಾಗಿಯ ಭಾರ. ರಾಗಿಯನ್ನಾದರೆ ಒಂದೊಂದೇ ಮೂಟೆ ಹೊರಬಹುದು; ಇದನ್ನು ಪಾಲು ಮಾಡುವಂತಿಲ್ಲ. ಭಾರವೆಲ್ಲ ಕಬ್ಬಿಣದ್ದೇ ಅಲ್ಲ. ಎರಡು ತಗಡುಗಳ ನಡುವೆ, ಬೆಂಕಿ ತಾಗಿದಾಗ ನೀರಾವಿ ಬಿಟ್ಟು ಒಳಗಿನ ಕಾಗದಪತ್ರವನ್ನು ಕಾಯುವ ಪುಡಿ ತುಂಬಿರುತ್ತದೆ. ಹಿಂದೆ ಇದಕ್ಕೆ ಪಟಿಕ ಬಳಸುತ್ತಿದ್ದರು. ಮನೆಮನೆಯಲ್ಲಿರುವ ಗಾಡ್ರೇಜ್ ಬೀರು ಬೇರೆ ಜಾತಿ. 1897ರಲ್ಲಿ ಬೀಗ ಮಾಡಲು ಶುರುಮಾಡಿದ ಆ ಕಂಪನಿ ತಿಜೋರಿಯನ್ನೂ ಮಾಡಿತು ನಿಜ, ಆದರೆ ಬೀರುವನ್ನು ಇಬ್ಬರು ಮೂವರು ಬೈದುಕೊಂಡೇ ಸಾಗಿಸಿಬಿಡಬಹುದು.

ತಿಜೋರಿಯಲ್ಲಿ ಇಡುವುದು ಕಾಗದಪತ್ರವಷ್ಟೇ ಅಲ್ಲ. ಬಂದೂಕಿಗೆಂದೇ ಆಳೆತ್ತರದ ತಿಜೋರಿ ಕೊಂಡು ನೆಲಮಾಳಿಗೆಯಲ್ಲಿಡುವ ರೂಢಿ ಅಮೆರಿಕದ್ದು. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಾಮಾನ್ಯ ಲೈಸೆನ್ಸ್‌ದಾರನೊಬ್ಬ ಇಟ್ಟುಕೊಳ್ಳಬಹುದಾದ್ದು ಎರಡೇ ಬಂದೂಕು. ಹಂದಿಯ ಕಾಟದಿಂದ ಬೆಳೆ ಕಾಯಲೆಂದು ಪಡೆದ ಬಂದೂಕು ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂತು ಬರುವುದೂ ಉಂಟು. ಅದರ ಉದ್ದದ ನಳಿಗೆ ಗಿಡ್ಡ ತಿಜೋರಿಯಲ್ಲಿ ಹಿಡಿಸುವುದಿಲ್ಲ. ಎತ್ತರದ ಪೆಟ್ಟಿಗೆಯೇ ಬೇಕು, ಮತ್ತು ಎತ್ತರದ್ದು ಸಾಗಿಸುವಾಗ ಗಿಡ್ಡದಕ್ಕಿಂತ ಬೇಗ ವಾಲುತ್ತದೆ.

ನೆಲಮಾಳಿಗೆಯೂ ಮಧುಗಿರಿ ಸೀಮೆಯಲ್ಲಿ ಅಪರೂಪವೇ. ಮಧುಗಿರಿ ಬೆಟ್ಟವೇ ಒಂದು ಇಡೀ ಬಂಡೆ. ಸುತ್ತಲ ಊರುಗಳಲ್ಲೂ ಸ್ವಲ್ಪ ಅಗೆದರೆ ಗುದ್ದಲಿಗೆ ಕಲ್ಲು ಸಿಗುವ ಕಡೆಗಳು ಬೇಕಾದಷ್ಟಿವೆ. ನೆಲದಡಿಯಲ್ಲಿ ಬಚ್ಚಿಡುವ ಹಳೆಯ ಏರ್ಪಾಡೆಂದರೆ ಹಗೇವು. ಅದರಲ್ಲಿದ್ದದ್ದು ರಾಗಿ. ಬಾಯಿ ತೆರೆದು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಈಗ ಪೇಟೆಗಳಲ್ಲಿ ಕಟ್ಟುವ ಮನೆಗಳಿಗೆ ಸೆಲ್ಲಾರ್ ಬರುತ್ತಿದೆ. ತಿಜೋರಿ ಅಲ್ಲಿಗೆ ಇಳಿಯಬೇಕಾದದ್ದು ಆಸೆಗಿಂತ ಲೆಕ್ಕದಿಂದ. ವಾಸದ ಮನೆಯ ಮಹಡಿಯನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. 400 ಕಿಲೋ ಪೆಟ್ಟಿಗೆ ಎರಡಡಿ ಚದರದ ಪಾದದ ಮೇಲೆ ನಿಂತರೆ ಆ ಜಾಗಕ್ಕೆ ಬೀಳುವ ಒತ್ತಡ ಅದರ ಐದು ಪಟ್ಟು. ಮಣ್ಣಿನ ಮೇಲೆ ನೇರವಾಗಿ ಕೂತ ನೆಲವೇ ಅದಕ್ಕೆ ತಕ್ಕ ಜಾಗ.

ಕೆಲಸ ಶುರುವಾಗುವುದು ಅಳತೆಯಿಂದ. ಬಾಗಿಲು, ಮೆಟ್ಟಿಲಿನ ಅಗಲ, ತಿರುವು, ತಲೆ ಮೇಲಿನ ತೊಲೆ, ಎಲ್ಲವನ್ನೂ ಪೆಟ್ಟಿಗೆ ಬರುವ ಮೊದಲೇ ಟೇಪು ಹಿಡಿದು ನೋಡಬೇಕು. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡ ತಿಜೋರಿ ಹಿಂದಕ್ಕೂ ಬಾರದು. ಆಮೇಲೆ ಒಳಗಿನ ಡ್ರಾಯರುಗಳನ್ನೆಲ್ಲ ತೆಗೆಯುವುದು. ತಿರುಗಣಿಯಿಂದ ಮೇಲೆತ್ತಿ ಕಳಚಬಹುದಾದ ಬಾಗಿಲಿದ್ದು, ಅದನ್ನು ಕಳಚಿದರೆ ಭಾರ ಎಷ್ಟೋ ಇಳಿಯುತ್ತದೆ. ಕಳಚಲಾಗದ್ದನ್ನು ಬೀಗ ಹಾಕಿ, ಹಗ್ಗ ಬಿಗಿದು, ಕೀಲಿಯನ್ನು ಯಜಮಾನ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ನಡುದಾರಿಯಲ್ಲಿ ಬಾಗಿಲು ತೆರೆದುಕೊಂಡರೆ ಭಾರ ಒಂದು ಪಕ್ಕಕ್ಕೆ ಜಗ್ಗಿ ಪೆಟ್ಟಿಗೆ ಉರುಳುತ್ತದೆ.

ಸಮತಟ್ಟಾದ ನೆಲದ ಮೇಲಿನ ಸಾಗಾಟ ಕಲ್ಲು ಚಪ್ಪಡಿ ಹೊದಿಸುವವರಿಗೆ ನಿತ್ಯದ ಕೆಲಸ. ಗಡಾರಿಯಿಂದ ಒಂದು ಬದಿ ಮೀಟುವುದು, ಸಂದಿಗೆ ಮರದ ಬೆಣೆ ಕೊಡುವುದು, ಅಡಿಗೆ ಮೂರು ಕೊಳವೆ ತೂರಿಸುವುದು. ಹಿಂದೆ ಉಳಿದ ಕೊಳವೆಯನ್ನು ಮುಂದಕ್ಕೆ ತಂದಿಡುತ್ತಾ ಹೋದರೆ ಇಬ್ಬರೇ ನೂಕಿಬಿಡುತ್ತಾರೆ. ಬೆರಳನ್ನು ಅಡಿಗೆ ಹಾಕದಿರುವುದೊಂದೇ ಅವರ ಶಾಸ್ತ್ರ. ತಿಜೋರಿಗೆ ಹಮಾಲಿಗಳಿಗಿಂತ ಇವರನ್ನು ಕರೆಸುವುದೇ ಲೇಸು. ಹಮಾಲಿಯ ನಂಬಿಕೆ ಬೆನ್ನಿನ ಮೇಲೆ, ಕಲ್ಲಿನವನದು ಗಡಾರಿಯ ಮೇಲೆ.

ಕಷ್ಟವೆಲ್ಲ ಮೆಟ್ಟಿಲಲ್ಲಿ. 35 ಡಿಗ್ರಿ ಇಳಿಜಾರಿನಲ್ಲಿ 400 ಕಿಲೋ ಪೆಟ್ಟಿಗೆ ಸುಮಾರು 230 ಕಿಲೋ ಬಲದಿಂದ ಕೆಳಕ್ಕೆ ಜಗ್ಗುತ್ತದೆ. ಹಲಗೆಯ ಉಜ್ಜು ಅದರಲ್ಲೊಂದು ಪಾಲನ್ನು ತಿನ್ನುತ್ತದೆ, ಆದರೆ ಅದನ್ನು ನೆಚ್ಚಿ ಕೂರುವಂತಿಲ್ಲ. ಮೆಟ್ಟಿಲುಗಳ ಮೇಲೆ ಎರಡು ದಪ್ಪ ಹಲಗೆ ಹಾಸಿ, ಜಾರದಂತೆ ಬುಡಕ್ಕೆ ಆನಿಕೆ ಕೊಟ್ಟು, ಪೆಟ್ಟಿಗೆಯನ್ನು ಬೆನ್ನ ಮೇಲೆ ಮಲಗಿಸಿ ಬಿಡಬೇಕು. ಇಲ್ಲಿ ಕೊಳವೆ ಬೇಡ. ಉರುಳುವ ವಸ್ತುವಿಗೆ ಇಳಿಜಾರಿನಲ್ಲಿ ನಿಲ್ಲುವ ಬುದ್ಧಿ ಇರುವುದಿಲ್ಲ. ಪೆಟ್ಟಿಗೆಗೆ ಕಟ್ಟಿದ ಹಗ್ಗ ಮೇಲಿನ ಗಟ್ಟಿ ಕಂಬವನ್ನು ಸುತ್ತಿ ಬರಬೇಕು. ಕಂಬ ಕಲ್ಲಿನದಾದರೆ ಹಗ್ಗ ಸವೆಯದಂತೆ ಗೋಣಿತಾಟು ಸುತ್ತಿರಬೇಕು. ಮರದ ಕಂಬಕ್ಕೆ ಒಂದು ಸುತ್ತು ಹಾಕಿದರೆ ಹಿಡಿಯಬೇಕಾದ ಬಲ ಹೆಚ್ಚುಕಡಿಮೆ ಆರರಲ್ಲೊಂದು ಪಾಲಿಗೆ ಇಳಿಯುತ್ತದೆ. ಎರಡು ಸುತ್ತಿಗೆ ಅದರಲ್ಲೂ ಆರನೇ ಒಂದು. ನಾಲ್ಕು ಜನ ತಡೆಯಲಾರದ್ದನ್ನು ಒಬ್ಬ ಮುದುಕ ಹಗ್ಗ ಸಡಿಲಿಸುತ್ತಾ ಗೇಣು ಗೇಣಾಗಿ ಇಳಿಸಬಲ್ಲ. ಚೈನ್ ಪುಲ್ಲಿ ಸಿಕ್ಕರೆ ಇನ್ನೂ ನಿರಾಳ.

ಪೆಟ್ಟಿಗೆಯ ಕೆಳಗಿನ ಮೆಟ್ಟಿಲಲ್ಲಿ ಯಾರೂ ನಿಲ್ಲಬಾರದು. ಕೈಯಾನಿಸಿ ನಿಲ್ಲಿಸುತ್ತೇನೆಂದು ಕೆಳಗೆ ನಿಂತವನೇ ಅಪಾಯಕ್ಕೆ ಸಿಕ್ಕುವವನು. ಹಗ್ಗ ಹರಿದರೆ ತಿಜೋರಿ ಹೋಗಲಿ, ಮೆಟ್ಟಿಲು ಮುರಿಯಲಿ, ಹಿಡಿಯಹೋಗಬಾರದು. ಹೇಳುವವನು ಒಬ್ಬನೇ ಇರಬೇಕು. ನೆರೆದ ನೆಂಟರೆಲ್ಲ ಒಂದೊಂದು ದಿಕ್ಕಿಗೆ ‘ಐಸಾ’ ಎಂದರೆ ಹಗ್ಗದವನಿಗೆ ಬಿಡಬೇಕೋ ಹಿಡಿಯಬೇಕೋ ತಿಳಿಯದು.

ಕೆಳಗಿಳಿದ ಮೇಲೆ ಪೆಟ್ಟಿಗೆಯನ್ನು ಗೋಡೆಗೆ ಒತ್ತದೆ, ನೆಲಕ್ಕೂ ತಾಗಿಸದೆ, ತೆಳುವಾದ ಕಲ್ಲಿನ ಮೇಲೆ ಕೂರಿಸಬೇಕು. ಮಳೆಗಾಲದ ಥಂಡಿ ಪತ್ರಕ್ಕೆ ಬೂಜು, ಬಂದೂಕಿಗೆ ತುಕ್ಕು ತರುತ್ತದೆ. ಡಬ್ಬಿಯಲ್ಲಿ ಸುಟ್ಟ ಸುಣ್ಣದ ಹರಳಿಟ್ಟರೆ ತೇವ ಹೀರುತ್ತದೆ. ನಾಡಬಂದೂಕಿನ ಮದ್ದನ್ನು ಮಾತ್ರ ಒಳಗಿಡಬಾರದು: ಬಿಗಿ ಪೆಟ್ಟಿಗೆಯಲ್ಲಿ ಬೆಂಕಿ ಕಂಡ ಮದ್ದು ಬಾಂಬಿಗೆ ಸಮ. ಕೊನೆಗೆ ಬಾಗಿಲನ್ನು ಅರ್ಧ ತೆರೆದು ಕೈಬಿಟ್ಟು ನೋಡಬೇಕು. ತಾನಾಗಿ ಚಲಿಸಿದರೆ ಪೆಟ್ಟಿಗೆ ಓರೆಯಾಗಿದೆ. ತಗ್ಗಿದ ಮೂಲೆಗೆ ತಗಡಿನ ಚೂರು ಕೊಟ್ಟು ಮಟ್ಟಮಾಡಿ, ಆಮೇಲೆ ನೆಲಕ್ಕೆ ಬೋಲ್ಟು ಬಿಗಿಯಬೇಕು.